ಸುತ್ತದ ಚಕ್ರ

ನಿಡಘಟ್ಟದ ಪಕ್ಕದ ಆ ಮೂವತ್ತು ಮನೆಯ ಊರಿನ ಹಾಲಿನ ಡೈರಿ ಗೋಡೆಗೆ ಹೊಸ ಇಂಟರ್ನೆಟ್ ಪೆಟ್ಟಿಗೆ ಕೂರಿಸಿದ್ದರು. ಊರಲ್ಲಿ ಯಾರಾದರೂ ಒಮ್ಮೆ ನೋಡಿದ ವಿಡಿಯೋ ಅದರೊಳಗೇ ಉಳಿಯುತ್ತದೆ. ಇನ್ನೊಬ್ಬರು ಕೇಳಿದರೆ ತಟ್ಟನೆ ಸಿಗುತ್ತದೆ. ಯಾರೂ ನೋಡದ್ದು ದೂರದಿಂದ ಬರಬೇಕು, ಅಲ್ಲಿಯತನಕ ಫೋನಿನಲ್ಲಿ ಚಕ್ರ ಸುತ್ತುತ್ತದೆ. ನೋಡಿದವರ ಹೆಸರನ್ನು ಪೆಟ್ಟಿಗೆ ಇಟ್ಟುಕೊಳ್ಳುವುದಿಲ್ಲವಂತೆ. ಮೂವತ್ತು ಮನೆಯ ಊರಿಗೆ ಹೆಸರು ಬೇರೆ ಹೇಳಬೇಕೇ!

ಬೆಳಿಗ್ಗೆ ಹಾಲು ಹಾಕಲು ಹೋದ ಸುನಿತಾ, ಡೈರಿಯ ಶಿವರಾಜು ಕಂಡುಹಿಡಿದ ಆಟ ನೋಡಿ ಬೆವತಳು. ಅವನು ಒಂದೊಂದೇ ವಿಡಿಯೋ ಒತ್ತಿ ತೋರಿಸುತ್ತಿದ್ದ.

"ನೋಡ್ಲಾ, ಇದು ಸುತ್ತಾ ಅದೆ, ಯಾರೂ ನೋಡಿಲ್ಲ. ಇದು ಪಟ್ ಅಂತ ಬಂತು ಕಣ್ಲಾ! ಎಂಗಸ್ರ ಎದೆಗಂಟಿಂದು. ಯಾರ್ಲಾ ನೋಡಿರೋದು?"

ಗಂಡಸರ ಕಣ್ಣು ಹೆಂಗಸರ ಸಾಲಿನ ಮೇಲೆ ಹರಿದಾಡಿತು. ಸುನಿತಾ ತಲೆ ತಗ್ಗಿಸಿ ಹಾಲಿನ ಕ್ಯಾನು ಎತ್ತಿಕೊಂಡಳು. ನಿನ್ನೆ ಹಿತ್ತಲಲ್ಲಿ ನಿಂತು ಅದನ್ನು ನೋಡಿದ್ದವಳು ಅವಳೇ. ಗಂಡ ಕೆಂಪರಾಜುವಿಗೂ ಹೇಳದ ಗಂಟು ಈ ಬಾಯಿಬಡುಕನ ಕೈಗೆ ಸಿಕ್ಕಿತಲ್ಲ!

ಸೆರಗು ಬಿಗಿದುಕೊಂಡು ಹೊರಟವಳು ದಾರಿಯಲ್ಲೇ ನಿಂತಳು. ನಿನ್ನೆ ತಾನು ಒತ್ತಿದಾಗಲೂ ಚಕ್ರ ಸುತ್ತಿರಲಿಲ್ಲ. ಹಾಗಾದರೆ ತನಗಿಂತ ಮೊದಲೇ ಇನ್ಯಾರೋ ನೋಡಿದ್ದಾರೆ. ಯಾರಿರಬಹುದೆಂದು ಮನಸ್ಸು ಮನೆಮನೆ ಹೊಕ್ಕು ಬಂತು. ಥೂ, ನಾನೂ ಶಿವರಾಜುವಿನ ಆಟವನ್ನೇ ಆಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಮನೆಯಲ್ಲಿ ಅತ್ತೆ ಮರಿತಾಯಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ಓದು ಬಾರದು, ಬೇಕಾದ್ದನ್ನು ಫೋನಿಗೆ ಬಾಯಲ್ಲೇ ಹೇಳಿ ಹಾಕಿಸಿಕೊಳ್ಳುತ್ತಿದ್ದರು. ಡೈರಿಯ ಸುದ್ದಿ ಕೇಳಿದ್ದೇ ತಡ, ಅವರ ಕೈ ನಿಂತಿತು.

"ಅದ್ನ ಆ ಪೆಟ್ಗೆಯಿಂದ ಅಳ್ಸಾಕಾಗಕಿಲ್ವೇನವ್ವ?"

ತನಗಿಂತ ಮೊದಲು ನೋಡಿದವರು ಯಾರೆಂದು ಸುನಿತಾಗೆ ಹೊಳೆಯಿತು. ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ಅಳ್ಸಾಕಾಗಕಿಲ್ಲ ಕಣತ್ತೆ. ತುಂಬುಸ್ಬೋದು. ಎಲ್ಲಾನೂ ಪಟ್ ಅಂತ ಬಂದ್ರೆ ಯಾವ್ದು ಯಾರ್ದು ಅಂತ ಗೊತ್ತಾಗಕಿಲ್ಲ."

ಇಬ್ಬರೂ ಫೋನ್ ಹಿಡಿದು ಕೂತರು. ಮಂಡಿನೋವು, ಮೂಲವ್ಯಾಧಿ, ಗಂಡಸರ ನಿತ್ರಾಣ, ಹೀಗೆ ನೆನಪಾದ ಕಾಯಿಲೆಯನ್ನೆಲ್ಲ ಮರಿತಾಯಮ್ಮ ಅದಕ್ಕೆ ಕೂಗಿ ಹೇಳಿ ವಿಡಿಯೋ ಹಾಕಿಸಿದರು. ನಡುನಡುವೆ ನಗುವೂ ಬಂತು.

ಮಾರನೆಯ ಬೆಳಿಗ್ಗೆ ಶಿವರಾಜು ಯಾವ ಕಾಯಿಲೆಯದನ್ನು ಒತ್ತಿದರೂ ಪಟ್ಟನೆ ಬಂತು, ಗಂಡಸರ ನಿತ್ರಾಣದ್ದೂ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮುಚ್ಲಾ ಆ ಫೋನ" ಎಂದು ಯಾರೋ ಗದರಿದರು.

ಅಷ್ಟು ಹೊತ್ತಿಗೆ ಅತ್ತೆ ಸೊಸೆ ಮಂಡ್ಯದ ಆಸ್ಪತ್ರೆಯಲ್ಲಿದ್ದರು.

"ನಂಗೋಸ್ಕರ ಕೆಲ್ಸ ಬುಟ್ಟು ಬಂದ್ಯಲ್ಲವ್ವ" ಎಂದು ಮರಿತಾಯಮ್ಮ ಕಣ್ಣೊರೆಸಿಕೊಂಡರು.

ಸುನಿತಾ ಡಾಕ್ಟರ ಚೀಟಿ ಕೊಡುವ ಕಿಟಕಿಗೆ ಕೈಚಾಚಿ ಎರಡು ಚೀಟಿ ಕೇಳಿದಳು.

"ಎಲ್ಡ್ಯಾಕವ್ವ?"

"ಇನ್ನೊಂದು ನಂಗೆ ಕಣತ್ತೆ."