ಒಂದೇ ಉಸಿರಿನ ಸಾಲು

ವರ್ನೆಲ್ ಜಗಲಿಯ ಮೇಲೆ ಕೂತು ಪ್ರಾರ್ಥನೆಯ ಹಾಡಿನ ಸಾಲೊಂದನ್ನು ಎತ್ತುವಳು, ಎತ್ತಿ ಸುಮ್ಮನಾಗುವಳು. ಆ ಸಾಲನ್ನು ತುಂಬುಕಂಠದಲ್ಲಿ ಎಳೆದೆಳೆದು ಮರಳಿ ಹಾಡುತ್ತಿದ್ದ ಗಂಡ ಲೂಶಸ್ ಈಗಿಲ್ಲ. ಅಮೆರಿಕದ ಮಿಸಿಸಿಪ್ಪಿಯ ಆ ಹತ್ತಿ ಸೀಮೆಗೆ ಕೊರೊನಾ ಬಂದ ವಸಂತದಲ್ಲಿ, ಆಸ್ಪತ್ರೆಯವರು ಅವನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ, "ಆಕ್ಸಿಜನ್ ಸರಿಯಾಗಿದೆ" ಎಂದು ಮನೆಗೆ ಕಳಿಸಿದ್ದರು. ಮೂರನೇ ದಿನ ಅವನು ದೇವರ ಪಾದ ಸೇರಿದ.

ಚರ್ಚಿನ ಸೇವಾ ನರ್ಸ್ ಟ್ವೈಲಾ ಬೇಲಿಯಾಚೆ ನಿಂತಳು.

"ಅಕ್ಕಾ, ಹಾಡು ಅರ್ಧಕ್ಕೇ ನಿಲ್ತಿದೆಯಲ್ಲ?"

"ವಯಸ್ಸಾಯ್ತು ಕಣೇ. ನಿನ್ನ ಹಾಗೆ ದಿನಾ ಕೋಳಿ ಹುರ್ಕೊಂಡು ತಿಂದಿದ್ರೆ ಗಟ್ಟಿಯಾಗಿರ್ತಿದ್ದೆ."

"ಚೇಷ್ಟೆ ಸಾಕು. ಒಂದು ಸಾಲು ಒಂದೇ ಉಸಿರಲ್ಲಿ ಹೇಳು, ನೋಡೋಣ."

ಮೂರನೇ ಪದಕ್ಕೇ ಉಸಿರು ಮುರಿಯಿತು.

"ಏಳು, ಆಸ್ಪತ್ರೆಗೆ ಹೋಗೋಣ."

"ನಾನೊಲ್ಲೆ. ಅವನನ್ನ ವಾಪಸ್ ಕಳಿಸಿದ ಬಾಗಿಲದು. ಇಲ್ಲೇ ಇದ್ರೆ ಬೇಗ ಅವನ ಹತ್ರ ಹೋಗ್ತೀನಿ."

ಟ್ವೈಲಾ ದನಿ ತಗ್ಗಿಸಿದಳು. "ನಮ್ಮಂಥ ಕಪ್ಪು ಚರ್ಮದ ಮೇಲೆ ಆ ಕ್ಲಿಪ್ಪು ಕೆಲವು ಸಲ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ, ಅಕ್ಕಾ. ಉಸಿರು ಕಟ್ತಿದ್ರೂ ಸರಿಯಿದೆ ಅನ್ನುತ್ತೆ. ಅವತ್ತು ನಮಗದು ಗೊತ್ತಿರಲಿಲ್ಲ. ಲೂಶಸಣ್ಣ ಟೋಪಿ ತೆಗೆದು, 'ಉಪಕಾರವಾಯ್ತು ಡಾಕ್ಟ್ರೇ' ಅಂದು ಎದ್ದು ಬಂದ್ಬಿಟ್ಟ. ಇವತ್ತು ರಕ್ತ ತೆಗೆದು ನೋಡಿ ಅಂತ ಕೇಳೋಣ. ಆಗಲ್ಲ ಅಂದ್ರೆ, ಹಾಗಂತ ಬರೆದು ಕೊಡಿ ಅನ್ನೋಣ. ನಾನು ಪಕ್ಕದಲ್ಲೇ ಇರ್ತೀನಿ."

"ಅವತ್ತೇ ಯಾರಾದ್ರೂ ಹೀಗೆ ಕೇಳಿದ್ದಿದ್ರೆ..."

ಟ್ವೈಲಾ ಬೇಲಿ ದಾಟಿ ಜಗಲಿಗೆ ಬಂದಳು. ವರ್ನೆಲ್ ಪಕ್ಕದಲ್ಲಿದ್ದ ಲೂಶಸನ ಖಾಲಿ ಕುರ್ಚಿಯನ್ನು ನೋಡಿದಳು.

"ಒಳಗೆ ಅವನ ಟೋಪಿಯಿದೆ, ತಗೊಂಡ್ಬಾ. ಈ ಸಲ ಅದನ್ನ ತೆಗೆಯೋದಿಲ್ಲ."

ಆಸ್ಪತ್ರೆಯಲ್ಲಿ ಕ್ಲಿಪ್ ತೊಂಬತ್ತೈದು ತೋರಿಸಿತು. "ಗಾಬರಿಯೇನಿಲ್ಲ, ಮನೇಲಿ ವಿಶ್ರಾಂತಿ ತಗೊಳ್ಳಿ," ಎಂದರು ಡಾಕ್ಟರು.

ವರ್ನೆಲ್ ಲೂಶಸನ ಟೋಪಿಯನ್ನು ತಲೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. "ಯಂತ್ರದ ಮಾತು ಕೇಳಿದ್ರಿ. ಈಗ ನನ್ನದೂ ಕೇಳಿ." ಹಾಡು ಎತ್ತಿದಳು. ಮೂರನೇ ಪದಕ್ಕೆ ಮುರಿಯಿತು. ಡಾಕ್ಟರು ತಲೆಯೆತ್ತಿ ಅವಳ ಮುಖ ನೋಡಿದರು. ರಕ್ತ ಪರೀಕ್ಷೆಗೆ ಹೋಯಿತು. ಆಕ್ಸಿಜನ್ ತೀರ ಇಳಿದಿತ್ತು. ಆ ಕ್ಷಣವೇ ಮಂಚ ಸಿಕ್ಕಿತು.

ಹನ್ನೆರಡು ದಿನಗಳ ಮೇಲೆ ಜಗಲಿಯಲ್ಲಿ ಒಂದು ಸಾಲು ಒಂದೇ ಉಸಿರಲ್ಲಿ ಮುಗಿಯಿತು. ಅಭ್ಯಾಸಬಲದಿಂದ ವರ್ನೆಲ್ ಕಾದಳು. ಆ ತುಂಬುಕಂಠ ಬರಲಿಲ್ಲ. ಬೇಲಿಯಾಚೆಯಿಂದ ಟ್ವೈಲಾಳ ಸಣ್ಣ ದನಿ ಸಾಲನ್ನು ಮರಳಿ ಹಾಡಿತು.

"ಶ್ರುತಿ ತಪ್ಪಿದೆ ಕಣೇ," ಎಂದಳು ವರ್ನೆಲ್, ಕಣ್ಣೊರೆಸಿಕೊಂಡು. "ಇನ್ನೊಂದ್ಸಲ ಹೇಳು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮಲ್ಲೂ ಬಹಳ ಮಂದಿಯ ಮೈ ಕಪ್ಪೇ. ಬೆರಳಿನ ಕ್ಲಿಪ್ ಏನೇ ಹೇಳಲಿ, ಉಸಿರು ಸಾಲದಿದ್ದರೆ ಗಟ್ಟಿಯಾಗಿ ಹೇಳಿ, ಮತ್ತೆ ಪರೀಕ್ಷಿಸಲು ಕೇಳಿ. ಒಬ್ಬರೇ ಹೋಗಬೇಡಿ, ಒಬ್ಬರನ್ನೇ ಕಳಿಸಬೇಡಿ. ಉಸಿರು ದೇವರು ಕೊಟ್ಟದ್ದು. ಸಂಕೋಚಪಟ್ಟು ಅದನ್ನು ಕಳೆದುಕೊಳ್ಳಬೇಡಿ.