ಎಡಗೈಯ ಗೆರೆ

ಮೇಷ್ಟ್ರ ಹೆಸರಿನ ಕೊನೆಯ ಅಕ್ಷರವನ್ನು ಅವಳು ತಲೆಕೆಳಗಾಗಿ ಕೆತ್ತುತ್ತಿದ್ದಳು. ಹಿತ್ತಾಳೆ ಫಲಕ ಮರಳು ತುಂಬಿದ ದಿಂಬಿನ ಮೇಲೆ ಬುಡ ಮೇಲಾಗಿ ಕೂತಿತ್ತು. ಉಳಿಯ ಹಿಡಿಯನ್ನು ಎಡ ಅಂಗೈಗೆ ಒತ್ತಿಕೊಂಡು, ಬಲಗೈಯಲ್ಲಿ ದಿಂಬನ್ನು ಇಷ್ಟಿಷ್ಟೇ ಸರಿಸುತ್ತ, ಏಳುವ ಲೋಹದ ಸುರುಳಿಗಳನ್ನು ಆಗಾಗ ಊದಿ ಹಾರಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಹೀಗೇ.

ಗೋಡೆಯಾಚೆಯ ಕೋಣೆಯಲ್ಲಿ, ಅವಳಿಗೆ ಕೆತ್ತನೆ ಕಲಿಸಿದ ಮೇಷ್ಟ್ರು ಶವಪೆಟ್ಟಿಗೆಯೊಳಗೆ ಮಲಗಿದ್ದರು. ನಾಲ್ಕು ಗಂಟೆಗೆ ಎತ್ತುವುದೆಂದು ಮಾತಾಗಿತ್ತು. ಅಷ್ಟರೊಳಗೆ ಫಲಕ ಮುಗಿಯಬೇಕು. ಕಲ್ಲು ಬರುವ ತನಕ ಸಮಾಧಿಯ ತಲೆಯ ಕಡೆ ನೆಡುವ ಹಲಗೆಗೆ ಅದನ್ನು ಹೊಡೆಯುವುದು. ಹೆಸರು ಮುಗಿದಂತಾಯಿತು. ಇನ್ನುಳಿದದ್ದು ಅದರ ಕೆಳಗಿನ ಒಂದೇ ಸಾಲು. ಮೇಷ್ಟ್ರ ಹೆಂಡತಿ ಬೆಳಿಗ್ಗೆ ಹೇಳಿ ಬರೆಸಿದ್ದು: ‘ಕೈ ತಪ್ಪದ ಗುರು’.

ಪಕ್ಕದಂಗಡಿಯ ಗಡಿಯಾರದವನು ಬಾಗಿಲಲ್ಲಿ ಇಣುಕಿ, ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಮೂವತ್ತು ವರ್ಷ ಮೇಷ್ಟ್ರ ಜೊತೆ ಜಗಳವಾಡಿಕೊಂಡೇ ಚಹಾ ಕುಡಿದವನು. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು.

“ನಿಮ್ಮ ಮೇಷ್ಟ್ರು ಈಗ ಸ್ವರ್ಗದ ಬಾಗಿಲಲ್ಲಿ ನಿಂತು ಬೋರ್ಡ್ ನೋಡ್ತಿರ್ತಾರೆ” ಎಂದ. “ಈ ಅಕ್ಷರ ಸೊಟ್ಟ ಇದೆ, ಯಾರಯ್ಯಾ ಕೆತ್ತಿದ್ದು ಅಂತ. ಒಳಗೆ ಹೋಗೋದು ಆಮೇಲಿನ ಮಾತು.”

ಅವಳಿಗೆ ನಗು ಬಂತು. ಬೆಳಗಿನಿಂದ ಮೊದಲ ಸಲ.

ಗಡಿಯಾರದವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಹೊರಗೆ ಜಗಲಿಯಲ್ಲಿ, ಬಂದವರು ಸಹಿ ಹಾಕುವ ಪುಸ್ತಕದ ಪಕ್ಕ ಬೂದು ಕೋಟಿನ ಒಬ್ಬ ಕೂತಿದ್ದಾನಲ್ಲ, ಅವನು ನೆಂಟನೂ ಅಲ್ಲ, ಗಿರಾಕಿಯೂ ಅಲ್ಲ. ನೋಂದಣಿ ಕಚೇರಿಯ ಅಧಿಕಾರಿ. ಮೂರು ಮನೆಗಳ ಹಕ್ಕುಪತ್ರದ ಮೇಲೆ ಎಡಗೈಯಲ್ಲಿ ಕೆತ್ತಿದ ಸುಳ್ಳು ಮೊಹರು ಬಿದ್ದಿದೆಯಂತೆ. ಒಂದು ಮನೆಯ ಮುದುಕಿಯನ್ನು ಆಗಲೇ ಬೀದಿಗೆ ಹಾಕಿದ್ದಾರಂತೆ.

“ಬಂದೋರ ಹೆಸರು ನೋಡಲ್ಲ ಆತ, ಕೈ ನೋಡ್ತಾನೆ. ನಾನು ಹುಟ್ಟಾ ಬಲಗೈಯವನು. ಆದ್ರೂ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಸಹಿ ಹಾಕೋವಾಗ ಎಡಗೈನ ಬೆನ್ನ ಹಿಂದೆ ಬಚ್ಚಿಟ್ಕೊಂಡೆ.” ಅವನು ನೆಲ ನೋಡುತ್ತ ಎದ್ದ. “ಎಡಗೈಯಲ್ಲಿ ಕೆತ್ತೋರು ಈ ಊರಲ್ಲಿ ಯಾರಿದ್ದಾರೆ ಅಂತ ಕೇಳ್ದ. ಗೊತ್ತಿಲ್ಲ ಅಂದೆ. ನಾನೊಬ್ಬ ಹಾಗಂದೆ ಕಣಮ್ಮ. ಉಳಿದೋರು ಹೇಳ್ದೇ ಇರ್ತಾರಾ?”

ಅವನು ಹೋದ ಮೇಲೆ ಅವಳು ಉಳಿಯನ್ನು ಕೆಳಗಿಟ್ಟಳು. ಅವಳಿನ್ನೂ ಆ ಪುಸ್ತಕದಲ್ಲಿ ಸಹಿ ಹಾಕಿರಲಿಲ್ಲ.

*

ಗಂಡ ಹೇಳದೆ ಕೇಳದೆ ಹೊರಟುಹೋದ ವರ್ಷ ಅವಳು ಈ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಿದ್ದಳು. ಮೇಷ್ಟ್ರು ಒಂದು ತಗಡು ಕೊಟ್ಟು ಗೆರೆ ಎಳೆ ಎಂದರು. ಅವಳು ಉಳಿಯನ್ನು ಎಡಗೈಯಲ್ಲಿ ಹಿಡಿದದ್ದು ನೋಡಿ, ಇವಳು ಎಡಚಿ ಎಂದು ಹೆಂಡತಿಗೆ ಕೂಗಿ ಹೇಳಿ ನಕ್ಕರು. ಅಂದಿನಿಂದ ಅದೇ ಹೆಸರು. ಒಂದು ತಿಂಗಳು ಎಡಗೈಗೆ ಬಟ್ಟೆ ಕಟ್ಟಿಸಿದರು. ಬಲಗೈ ಬಗ್ಗಲಿಲ್ಲ. ಕೊನೆಗೊಂದು ದಿನ ತಾವೇ ಗಂಟು ಬಿಚ್ಚಿ, ತಗಡನ್ನು ತಿರುಗಿಸಿ ತಲೆಕೆಳಗು ಮಾಡಿ ಇಟ್ಟರು.

“ಕೈ ಬದಲಾಗಲ್ಲ ಅಂದ್ರೆ ತಗಡು ಬದಲಾಗಲಿ” ಎಂದರು. ಆಮೇಲೆ ಭೂತಗನ್ನಡಿ ಕೊಟ್ಟು ತೋರಿಸಿದರು: ಉಳಿ ಇಳಿಯುವ ಕಡೆ ಗೆರೆ ಕೂದಲಿನಷ್ಟು ಸಣ್ಣ, ಎತ್ತುವ ಕಡೆ ದಪ್ಪ. ಬಲಗೈಯವನ ಗೆರೆ ಬಲದಿಂದ ಹುಟ್ಟುತ್ತದೆ, ಎಡಗೈಯವಳದು ಎಡದಿಂದ. ತಿರುಗಿಸಿ ಕೆತ್ತಿದರೆ ಯಾವ ಗಾಜಿಗೂ ವ್ಯತ್ಯಾಸ ತಿಳಿಯದು. “ಕೆಲಸ ಕಾಣ್ಬೇಕು, ಕೈ ಕಾಣ್ಬಾರ್ದು.”

ಅವಳು ಅಕ್ಷರಗಳನ್ನು ತಲೆಕೆಳಗಾಗಿ ಓದುವುದನ್ನು ಕಲಿತಳು. ಊರಿನ ಬಾಗಿಲುಗಳ ಮೇಲೆ, ಬಹುಮಾನದ ಬಟ್ಟಲುಗಳ ಮೇಲೆ, ಮದುವೆಯ ಉಂಗುರಗಳ ಒಳಗೆ ಅವಳ ಗೆರೆಗಳು ಮೇಷ್ಟ್ರ ಗೆರೆಗಳಾಗಿ ಕೂತವು. ಹೊಗಳಿದವರೆಲ್ಲ ಮೇಷ್ಟ್ರನ್ನು ಹೊಗಳಿದರು. ಅವಳಿಗೆ ಅದು ನೋವೆನಿಸಿರಲಿಲ್ಲ. ಅಥವಾ ನೋವೆನಿಸುವಷ್ಟು ಅದನ್ನು ಎದುರಿಗಿಟ್ಟುಕೊಂಡು ನೋಡಿರಲಿಲ್ಲ.

ಮೂರು ವರ್ಷದ ಹಿಂದೆ ಮೇಷ್ಟ್ರ ಕೈ ನಡುಗಲು ಶುರುವಾಯಿತು. ಆ ಚಳಿಗಾಲದಲ್ಲೊಂದು ದಿನ ಅವರು ನೋಂದಣಿ ಕಚೇರಿಯ ಮೊಹರಿನ ಮಾದರಿ ತಂದು ಅವಳ ಮುಂದಿಟ್ಟರು. ಹಳೆಯದು ಸವೆದಿದೆ, ಹೊಸದು ಬೇಕಂತೆ ಎಂದರು. ಅವಳು ಎಂದಿನಂತೆ ಅಚ್ಚನ್ನು ತಿರುಗಿಸಲು ಹೋದಾಗ ತಡೆದರು.

“ಇದನ್ನ ತಿರುಗಿಸ್ಬೇಡ. ನಿನ್ನ ಕೈಯಲ್ಲೇ ಕೆತ್ತು. ನೀನು ನನ್ನ ಕೈ ಹೊತ್ತಿದ್ದು ಸಾಕು.”

ಅಂದು ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅವಳ ಕಣ್ಣು ತುಂಬಿ ಬರುತ್ತಿತ್ತು. ತಾಯಿ ಸತ್ತ ಮೇಲೆ ಅಷ್ಟು ದೊಡ್ಡ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಥ ಮೊಹರುಗಳು ಒಟ್ಟು ಮೂರು ಬಂದವು. ಮೂರನ್ನೂ ತಿರುಗಿಸದೆ ಕೆತ್ತಿದಳು.

*

ಮಧ್ಯಾಹ್ನ ಮೇಷ್ಟ್ರ ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದರು. ಒಲೆ ಉರಿಯುತ್ತಿತ್ತು, ಮೇಲೆ ಏನೂ ಇರಲಿಲ್ಲ.

“ಡ್ರಾಯರ್ ಬೀಗದಕೈ ನಿನ್ನ ಹತ್ರ ತಾನೆ ಇರೋದು?”

“ಹೌದಮ್ಮ.”

“ಅದರಲ್ಲಿರೋದನ್ನೆಲ್ಲ ತಂದು ಇಲ್ಲಿ ಹಾಕಿಬಿಡು. ಅವರನ್ನ ಎತ್ತೋದರೊಳಗೆ.”

ಅದರಲ್ಲಿದ್ದದ್ದು ಅಚ್ಚುಗಳು. ಮುಗಿದ ಕೆಲಸ ಗಿರಾಕಿಯ ಕೈಗೆ ಹೋಗುವ ಮುಂಚೆ ಅದರದೊಂದು ಅರಗಿನ ಅಚ್ಚು ತೆಗೆದು, ಲಕೋಟೆಯಲ್ಲಿಟ್ಟು, ಯಾರಿಗೆ, ಯಾವಾಗ, ಯಾರ ಕೈ ಎಂದು ಬರೆದಿಡುವುದು ಮೇಷ್ಟ್ರ ಪದ್ಧತಿ. ಬರೆಯುವುದು ಅವರೊಬ್ಬರೇ, ಅವಳು ಎಂದೂ ಬಿಚ್ಚಿ ನೋಡಿದವಳಲ್ಲ.

“ನಲವತ್ತು ವರ್ಷದ್ದು ಅಮ್ಮ ಅದು” ಎಂದಳು.

“ಗೊತ್ತು ಕಣೇ.” ಮೇಷ್ಟ್ರ ಹೆಂಡತಿ ಅವಳ ಎಡಗೈಯನ್ನು ತಮ್ಮ ಎರಡೂ ಕೈಗಳ ನಡುವೆ ತೆಗೆದುಕೊಂಡು, ಜ್ವರ ಬಂದ ಮಗುವಿನ ಕೈ ಸವರುವ ಹಾಗೆ ಸವರಿದರು. “ನಾನು ಇನ್ನೂ ಈ ಬೀದಿಯಲ್ಲೇ ಬಾಳ್ಬೇಕಲ್ಲ. ಅವರ ಹೆಸರೊಂದೇ ನನಗುಳಿದಿರೋದು. ನಿನಗಾದ್ರೆ ಹಿಂದಿಲ್ಲ, ಮುಂದಿಲ್ಲ. ಏನು ಬಂದ್ರೂ ನಿನ್ನೊಬ್ಬಳಿಗೇ ಮುಗಿಯುತ್ತೆ.”

ಇಪ್ಪತ್ತೆರಡು ವರ್ಷ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿದ ಕೈಗಳು ಅವು. ಬೆಚ್ಚಗಿದ್ದವು. ಅವಳು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಆಯ್ತಮ್ಮ” ಎಂದಳು.

ಡ್ರಾಯರ್ ತೆರೆದಾಗ ಒಣ ಅರಗಿನ ವಾಸನೆ ಬಂತು. ಅವಳು ಮೇಲಿನ ಲಕೋಟೆಗಳಿಂದ ಓದತೊಡಗಿದಳು. ವೈದ್ಯರ ಬೋರ್ಡು, ಕೈ, ನನ್ನದು. ಶಾಲೆಯ ಬಟ್ಟಲು, ಕೈ, ನನ್ನದು. ಎಲ್ಲವೂ ಅವಳೇ ಕೆತ್ತಿದ್ದು, ಎಲ್ಲದರ ಮೇಲೂ ಮೇಷ್ಟ್ರ ನಡುಗುವ ಅಕ್ಷರದಲ್ಲಿ ‘ನನ್ನದು’. ಹತ್ತು, ಇಪ್ಪತ್ತು, ನಲವತ್ತು ಲಕೋಟೆ. ತಳದಲ್ಲಿ ದಾರ ಕಟ್ಟಿದ ಮೂರು ಬೇರೆಯಾಗಿದ್ದವು. ಮೊಹರು ಮಾಡಿಸಲು ಬಂದವನ ಹೆಸರಿತ್ತು, ಬೀದಿಯ ಹೆಸರಿತ್ತು, ಕಚೇರಿಯ ಹೆಸರಿರಲಿಲ್ಲ. ಕೆಳಗೆ: ‘ಕೈ, ಎಡಚಿ. ಅವಳಿಗೆ ಹೇಳಿಲ್ಲ.’

ಹೊರಗೆ ಯಾರೋ ಬಂದು, ಮೇಷ್ಟ್ರಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎನ್ನುತ್ತಿದ್ದರು. ಆ ಎರಡು ಪದಗಳನ್ನು ಅವರು ಯಾಕೆ ಬರೆದಿಟ್ಟರು? ಅವಳನ್ನು ಮುಂದೊಡ್ಡಿದ ಮೇಲೆ ನಿದ್ದೆ ಬಾರದೆ ಬರೆದರೋ, ಅಥವಾ ಇಂಥ ಮೂಲೆ, ಇಷ್ಟು ಆಳ ಎಂದು ಕೆಲಸದ ವಿವರ ಬರೆಯುವ ಹಾಗೆ ಇದನ್ನೂ ಬರೆದರೋ? ಗೋಡೆಯಾಚೆ ಮಲಗಿದವರು ಇನ್ನು ಹೇಳುವಂತಿರಲಿಲ್ಲ. ತಿರುಗಿಸಬೇಡ ಎಂದಾಗ ಅವರು ತನ್ನ ಮುಖ ನೋಡಿದ್ದರೇ ಎಂದು ನೆನಪಿಸಿಕೊಳ್ಳಲು ಹೊರಟಳು. ಇಲ್ಲ. ಅವರು ಮೊಹರಿನ ಅಚ್ಚನ್ನು ನೋಡುತ್ತಿದ್ದರು.

ಮೂರು ಲಕೋಟೆಗಳು ಅವಳ ಕೋಟಿನ ಜೇಬಿಗೆ ಹೋದವು. ಉಳಿದ ರಾಶಿಯನ್ನು ಎರಡು ಸಲಕ್ಕೆ ಹೊತ್ತುಕೊಂಡು ಹೋಗಿ ಒಲೆಗೆ ಸುರಿದಳು. ತಾನು ಕೆತ್ತಿದ ಬಾಗಿಲುಗಳು, ಬಟ್ಟಲುಗಳು, ಉಂಗುರಗಳು ಕೆಂಪಗೆ ಕರಗಿ, ಒಂದರೊಳಗೊಂದು ಸೇರಿ ಚುರುಗುಟ್ಟಿದವು. ಬಾಗಿಲಲ್ಲಿ ನಿಂತು ಎಣಿಸುವವರಂತೆ ನೋಡುತ್ತಿದ್ದ ಮೇಷ್ಟ್ರ ಹೆಂಡತಿ, ಕೊನೆಯ ಕಾಗದ ಬೂದಿಯಾದ ಮೇಲೆ ದೊಡ್ಡದಾಗಿ ಉಸಿರು ಬಿಟ್ಟು, ಊಟ ಮಾಡಿದೆಯಾ ಎಂದು ಕೇಳಿದರು.

ಮೂರು ಗಂಟೆಗೆ ಅವಳು ಮತ್ತೆ ಫಲಕದ ಮುಂದೆ ಕೂತಳು. ಹೆಸರನ್ನು ಒರೆಸಿ ನೋಡಲು ಅದನ್ನು ನೇರ ಮಾಡಿಟ್ಟಿದ್ದಳು. ಈಗ ಅಭ್ಯಾಸಬಲದಿಂದ ಕೈ ಅದನ್ನು ತಿರುಗಿಸಲು ಹೋಯಿತು; ಅರ್ಧದಲ್ಲಿ ನಿಂತಿತು. ಅವಳು ಫಲಕವನ್ನು ಇದ್ದ ಹಾಗೇ ಬಿಟ್ಟಳು. ಎಡದಿಂದ ಉಳಿ ಇಳಿಸಿದಳು. ‘ಕೈ’ ಎಂದು ಮೊದಲಾಗಿ, ಸಾಲು ಮುಗಿಯುವ ತನಕ ತಲೆ ಎತ್ತಲಿಲ್ಲ.

*

ಮಣ್ಣು ಮುಚ್ಚಿದ ಮೇಲೆ ಗಡಿಯಾರದವನು ಹಲಗೆ ನೆಟ್ಟು, ನಾಲ್ಕು ಮೊಳೆ ಹೊಡೆದು ಫಲಕ ಕೂರಿಸಿದ. ಜನ ಒಬ್ಬೊಬ್ಬರೇ ಹತ್ತಿರ ಬಂದು ಓದಿದರು. ಮೇಷ್ಟ್ರೇ ಎದ್ದು ಬಂದು ಕೆತ್ತಿದ ಹಾಗಿದೆ ಎಂದು ಯಾರೋ ಹೇಳಿದರು. ಮೋಡ ಕವಿದು ಹಿತ್ತಾಳೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಎಲ್ಲರೂ ಸರಿದ ಮೇಲೆ ಬೂದು ಕೋಟಿನವನು ಮುಂದೆ ಬಂದ. ಸಹಿ ಪುಸ್ತಕ ಅವನ ಕಂಕುಳಲ್ಲಿತ್ತು. ಮಂಡಿಯೂರಿ ಕೂತು ಜೇಬಿನಿಂದ ಭೂತಗನ್ನಡಿ ತೆಗೆದ. ಹೆಸರಿನ ಉದ್ದಕ್ಕೂ ಗಾಜು ಒಂದೇ ವೇಗದಲ್ಲಿ ಸರಿಯಿತು. ಕೆಳಗಿನ ಸಾಲಿಗೆ ಇಳಿಯಿತು. ಮೊದಲ ಅಕ್ಷರದ ಮೇಲೆ ನಿಂತಿತು. ಮತ್ತೆ ಹೆಸರಿಗೆ ಏರಿ, ಮತ್ತೆ ಕೆಳಗೆ ಬಂತು.

ಅವನು ಮಂಡಿಯ ಮಣ್ಣು ಕೊಡವಿಕೊಂಡು ಎದ್ದ. ಯಾರ ಮುಖವನ್ನೂ ನೋಡದೆ, ನಿಂತಿದ್ದವರ ಕೈಗಳನ್ನು ಒಂದು ತುದಿಯಿಂದ ನೋಡುತ್ತ ಬಂದ.

ಮೇಷ್ಟ್ರ ಹೆಂಡತಿ ಪಕ್ಕದಿಂದ ತಮ್ಮ ಶಾಲಿನ ಅಂಚನ್ನು ಎಳೆದು ಅವಳ ಎಡಗೈ ಮುಚ್ಚಿದರು. “ಒಳಗೇ ಇಟ್ಕೋ” ಎಂದು ಕಿವಿಯಲ್ಲಿ ಹೇಳಿದರು. “ಚಳಿ.”

ಅವಳು ಹೂಂ ಎಂದಳು. ಶಾಲಿನ ಕೆಳಗೆ, ಜೇಬಿನಲ್ಲಿ, ಅವಳ ಎಡಗೈ ಮೂರು ಲಕೋಟೆಗಳನ್ನು ಹಿಡಿದಿತ್ತು; ಅಂಗೈಯ ಬಿಸಿಗೆ ಅರಗು ಮೆತ್ತಗಾಗುತ್ತಿತ್ತು. ಅಧಿಕಾರಿ ಇನ್ನು ನಾಲ್ಕು ಜನರಾಚೆ ಇದ್ದ. ಮೂರು. ಅವಳು ಲಕೋಟೆಗಳನ್ನು ಸದ್ದಾಗದಂತೆ ಬಲಗೈಗೆ ದಾಟಿಸಿದಳು. ಸಹಿ ಹಾಕಲು ಎಡಗೈಯನ್ನು ಖಾಲಿ ಮಾಡಿಕೊಂಡಳು.