ತೊಟ್ಟಿಲಡಿಯ ಹೆಸರುಗಳು

ಶಾಮಿಯಾನದ ಕಂಬಕ್ಕೆ ಕಟ್ಟಿದ ಬಲೂನು ಗೋಡೆಗೆ ಉಜ್ಜಿ ಕಿರ್ ಕಿರ್ ಅನ್ನುತ್ತಿದೆ, ಒಡೆದರೆ ಕೂಸು ಬೆಚ್ಚಿಬಿದ್ದೀತು, ಯಾರಾದರೂ ಬಿಚ್ಚಬಾರದೇ, ನಾನೇ ಎದ್ದೇನು, ಆದರೆ ಸಿರುಗುಪ್ಪದ ಬೀಗರು ಪಕ್ಕದಲ್ಲೇ ಕೂತು ಮಾತಿಗೆ ಹಿಡಿದಿದ್ದಾರೆ — ಏನ್ರಿ ಮಾಸ್ತರ, ಅಮೆರಿಕದವ್ರು ಸುಂಕ ಏರಿಸಿದ್ರ ನಮ್ಮ ಸೋನಾ ಮಸೂರಿಗೂ ಬಿಸಿ ತಟ್ಟತೈತೇನು — ತಟ್ಟುತ್ತದೆ ಬೀಗರೇ, ಎಲ್ಲವೂ ತಟ್ಟುತ್ತದೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವನು ನಾನು, ಎಲ್ಲೋ ಯುದ್ಧವಾದರೆ ನಮ್ಮ ಒಲೆಯ ಮುಂದೆ ಏನಾಗುತ್ತದೆ ಅಂತ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದವನು, ದೊಡ್ಡಬಸವರಾಜ ಮಾಸ್ತರರ ಬಾಣಗಳು ಅಂತ ಹುಡುಗರು ನಗುತ್ತಿದ್ದರು, ನಗಲಿ, ಒಂದು ಬಾಣವನ್ನು ಮಾತ್ರ ನಾನು ಯಾರಿಗೂ ತೋರಿಸಿಲ್ಲ. ಒಳಗೆ ಹೆಂಗಸರು ಸೇರಿದ್ದಾರೆ, ತೊಲೆಗೆ ತೊಟ್ಟಿಲು ಕಟ್ಟಿಯಾಗಿದೆ, ಮಗಳು ಗಂಗೋತ್ರಿಗೆ ಮೊದಲ ಕೂಸು, ಚೊಚ್ಚಲದ ಶಾಸ್ತ್ರ ತವರಲ್ಲೇ ಆಗಬೇಕು, ಅದಕ್ಕೇ ಸತ್ಯನಾರಾಯಣಪೇಟೆಯ ಈ ಸಣ್ಣ ಮನೆಯಲ್ಲಿ ಇಷ್ಟೊಂದು ಚಪ್ಪಲಿ. ಇನ್ನೇನು ಹೆಸರು ಹೇಳುವ ಹೊತ್ತು. ಎದೆ ಯಾಕೋ ಬಡಿದುಕೊಳ್ಳುತ್ತಿದೆ, ಯಾಕೋ ಅಂತ ನನ್ನ ಮುಂದೆಯೇ ನಾಟಕ ಯಾಕೆ, ಯಾಕೆಂದು ಚೆನ್ನಾಗಿ ಗೊತ್ತು. ಕುರುಗೋಡಿನ ನಮ್ಮ ಮನೆತನದ ಪದ್ಧತಿ ಇದು: ತೊಟ್ಟಿಲ ಆಚೆ ಒಬ್ಬಳು ಈಚೆ ಒಬ್ಬಳು ನಿಂತು ಕೂಸನ್ನು ಕೆಳಗಿಂದ ದಾಟಿಸಿ ಮೇಲಿಂದ ಇಸಿದುಕೊಳ್ಳುತ್ತಾರೆ, ಏಳು ಸುತ್ತು, ಸುತ್ತಿಗೊಂದು ಹೆಸರು, ನಮ್ಮ ಮನೆಗೆ ಸೊಸೆಯಾಗಿ ಬಂದು ಬಾಳಿ ಹೋದ ಏಳು ತಲೆಮಾರಿನ ಹೆಂಗಸರ ಹೆಸರು. ಪಹಣಿಯಲ್ಲಿ ಗಂಡಸರೇ ತುಂಬಿದ್ದಾರೆ, ಈ ಹೆಂಗಸರು ಯಾವ ಕಾಗದದಲ್ಲೂ ಇಲ್ಲ, ಮನೆಯ ಹಿರಿಯಳ ಬಾಯಲ್ಲಿ ಮಾತ್ರ, ಅವಳು ಪದ ಕಟ್ಟಿ ಹಾಡುವಾಗ ಗಂಡಸರು ಹೊರಗೆ. ನಾನೂ ಹೊರಗೆ, ಯಾವಾಗಲೂ.

ಕೊನೆಗೆ ಹಾಡಿದವಳು ನಮ್ಮವ್ವ, ಚನ್ನವೀರಮ್ಮ, ಅದೂ ಕೂಸಿಲ್ಲದ ತೊಟ್ಟಿಲಿಗೆ. ಎರಡು ಸಾವಿರದ ಇಪ್ಪತ್ತು, ವುಹಾನ್ ಅನ್ನುವ ಊರನ್ನು ನಕ್ಷೆಯಲ್ಲಿ ನಾನೇ ಬೆರಳಿಟ್ಟು ತೋರಿಸಿದ್ದೆ, ಎಷ್ಟು ದೂರ ಅಂತ ಅವ್ವ ನಕ್ಕಿದ್ದಳು, ತಿಂಗಳೊಳಗೆ ಓಣಿಗೆ ಬೇಲಿ ಬಿತ್ತು, ಬಸ್ಸು ನಿಂತಿತು, ಸಿರುಗುಪ್ಪದಲ್ಲಿ ನನ್ನ ತಮ್ಮನ ಮೊಮ್ಮಗನ ತೊಟ್ಟಿಲಿಗೆ ಹೋಗಲಾಗದೆ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಗ ಗಂಗೋತ್ರಿ, ಹತ್ತೊಂಬತ್ತರ ಹುಡುಗಿ — ಅಳಬ್ಯಾಡ ಅಜ್ಜಿ, ಇಲ್ಲೇ ಹಾಡು, ಟಿಕ್‌ಟಾಕ್‌ಗ ಹಾಕ್ತೀನಿ, ಅವ್ರು ಅಲ್ಲೇ ನೋಡ್ತಾರ. ರುಬ್ಬುಗುಂಡಿಗೆ ಕುಲಾವಿ ತೊಡಿಸಿ, ಹಳೆ ಸೀರೆಯಲ್ಲಿ ಸುತ್ತಿ, ಅಜ್ಜಿ ಮೊಮ್ಮಗಳು ಅದನ್ನೇ ತೊಟ್ಟಿಲ ಕೆಳಗೆ ದಾಟಿಸಿದರು, ಏಳು ಸುತ್ತು, ಏಳು ವಿಡಿಯೋ. ಲೇ ಬಸ್ಯಾ, ಹೊರಗ ಹೋಗು ಅಂದಳು ಅವ್ವ, ಕಲ್ಲಿನ ಕೂಸಿಗೂ ನಾನು ಕಟ್ಟೆಯ ಮೇಲೆ ಕೂತೆ, ಕೇಳಲಿಲ್ಲ, ಆಮೇಲೆ ಫೋನಿನಲ್ಲಾದರೂ ಕೇಳಬಹುದಿತ್ತು, ಗಂಡಸಿಗೆ ಯಾಕೆ ಅಂತ ಕೇಳಲಿಲ್ಲ, ಎಂಥ ನೇಮಸ್ಥ ನೋಡು ನಾನು. ಅರವತ್ತು ಸಾವಿರ ಜನ ಕೇಳಿದರು, ಯಾರ್‍ಯಾರೋ ಕೇಳಿದರು.

ಆಮೇಲೆ ಜೂನ್, ಚೀನಾ ಗಡಿಯಲ್ಲಿ ನಮ್ಮ ಇಪ್ಪತ್ತು ಮಂದಿ ಯೋಧರು ಸತ್ತರು, ಟಿವಿ ಮುಂದೆ ನಾನು ಅತ್ತದ್ದು ಸುಳ್ಳಲ್ಲ, ಆ ಅಳು ನಿಜ, ಅದರ ಬೆನ್ನಿಗೆ ಬಂದ ಹುರುಪು — ಅದೂ ನಿಜವೇ ಇರಬೇಕು. ಬ್ರೂಸ್‌ಪೇಟೆಯ ಆಟಿಕೆ ಅಂಗಡಿಯಲ್ಲಿ ಚೀನಾ ಮಾಲು ಇಲ್ಲ ಅಂತ ರಟ್ಟಿನ ಬೋರ್ಡು, ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಡ್ರಿಲ್ ಮಾಸ್ತರ ಓಬಣ್ಣ ಚೀನಾದ್ದು ಅಂತ ತನ್ನ ಟಿಕ್‌ಟಾಕ್ ಆ್ಯಪು ಕಿತ್ತು ಹಾಕಿದ ಫೋಟೋ, ಸಮಾಜ ವಿಜ್ಞಾನದವನು ಹಿಂದೆ ಬಿದ್ದರೆ ಹೇಗೆ? ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನು, ನನ್ನದು, ಅದೂ ಚೀನಾದ್ದೇ, ಅದನ್ನು ಮಾತ್ರ ಬಿಸಾಡಲಿಲ್ಲ ನೋಡು. ಶನಿವಾರ ಮಧ್ಯಾಹ್ನ, ಗಂಗೋತ್ರಿ ಮಲಗಿದ್ದಳು, ಅವ್ವ ಶೇಂಗಾ ಸುಲಿಯುತ್ತಿದ್ದಳು, ನಾನು ಖಾತೆಯನ್ನೇ ವಿಡಿಯೋ ಸಮೇತ ಅಳಿಸಿದೆ, ಖಚಿತವೇ ಅಂತ ಅದು ಎರಡು ಸಲ ಕೇಳಿತು, ಎರಡು ಸಲವೂ ಹೌದು ಅಂದೆ. ಅದರಾಗ ನನ್ನ ಪದ ಇತ್ತಲ್ಲೋ — ಇರ್ಲಿ ಬಿಡವ್ವಾ, ಮತ್ತ ಹಾಡಿದ್ರಾತು. ಅವ್ವ ಮತ್ತೊಂದು ಶೇಂಗಾ ಒಡೆದಳು. ಗ್ರೂಪಿನಲ್ಲಿ ನಲವತ್ತಮೂರು ಹೆಬ್ಬೆರಳು ಬಂದವು, ಭಲೇ ಸರ್. ಶಾಲೆಯ ಕೆಲಸ ಅಂತ ಫೋನನ್ನು ಹುಡುಗಿಯ ಕೈಗೆ ಕೊಡಲಿಲ್ಲ, ಒಂಬತ್ತು ದಿನಕ್ಕೆ ಸರ್ಕಾರವೇ ಅದನ್ನು ಬಂದ್ ಮಾಡಿತು, ಗಂಗೋತ್ರಿ ಫೋನು ಹಿಡಿದು ಬಂದಳು, ಅಪ್ಪಾ, ಅಜ್ಜಿ ವಿಡಿಯೋ ಎಲ್ಲಿ ಅಂತ, ಸರ್ಕಾರ ಬಂದ್ ಮಾಡೈತವ್ವ ಅಂದೆ, ಎಷ್ಟು ಸಲೀಸಾಗಿ ಬಂತು ಆ ಮಾತು, ಅವ್ವ ಮೂಲೆಯಿಂದ ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ಹೇಗಿದ್ದರೂ ಹೋಗುತ್ತಿತ್ತು ಅಂತ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇನೆ, ಆದರೆ ಹೋಗುತ್ತಿರಲಿಲ್ಲ, ಭಾನುವಾರ ಎಲ್ಲಾ ಪೆನ್‌ಡ್ರೈವಿಗೆ ಇಳಿಸ್ತೀನಪ್ಪ ಅಂದಿದ್ದಳು ಹುಡುಗಿ, ನಾನು ಶನಿವಾರವೇ ದೇಶಸೇವೆ ಮುಗಿಸಿದ್ದೆ. ಮತ್ತೊಮ್ಮೆ ಹಾಡು ಅಂತ ಅವ್ವನನ್ನು ಕೇಳಿದೆ, ಎರಡೋ ಮೂರೋ ಸಲ. ಕೂಸು ಬರ್ಲಿ, ಕಲ್ಲಿಗೆ ಎಷ್ಟು ಸಲ ಹಾಡ್ಲೋ ಅಂದಳು. ಮರುವರ್ಷ ಎರಡನೇ ಅಲೆ, ಹನ್ನೊಂದು ದಿನ ಆಸ್ಪತ್ರೆ, ಏಳು ಹೆಸರನ್ನೂ ತೆಗೆದುಕೊಂಡು ಹೋದಳು. ರೋಗ ಹಾಡಿಸಿತು, ಜಗಳ ಅಳಿಸಿತು, ರೋಗ ಒಯ್ದಿತು — ಬೋರ್ಡಿನ ಮೇಲೆ ಬರೆದರೆ ಎಷ್ಟು ಚೆನ್ನಾಗಿ ಕಾಣುತ್ತದೆ, ನಡುವಿನ ಬಾಣ ಜಗಳದ್ದಲ್ಲ ಮಾಸ್ತರ, ನಿಂದು.

ಒಳಗೆ ಗದ್ದಲ ನಿಂತಿದೆ. ಹೆಂಡತಿ ಅರುಣಾಳ ದನಿ — ಗಂಗೋತ್ರಿ ತೊಟ್ಟಿಲದಾಗ ಅತ್ತಿ ಹಾಡಿದ್ರು, ಆವಾಗ ನನಗ ಮೈಮ್ಯಾಲೆ ಎಚ್ಚರ ಎಲ್ಲಿತ್ತರಿ, ಒಂದೂ ನೆಪ್ಪಿಲ್ಲ. ಮೊಬೈಲ್‌ದಾಗ ಇತ್ತಂತಲ್ಲ, ಇದು ಬೀಗಿತ್ತಿ. ಸರ್ಕಾರ ಬಂದ್ ಮಾಡ್ತಲ್ರಿ ಅತ್ತಿ, ಅದರ ಜೋಡಿ ಹೋತು, ವಿಡಿಯೋ ಐತಲ್ಲ ಅಂತ ನಾವ್ಯಾರೂ ನೆಪ್ಪಿಡಲಿಲ್ಲ, ಇದು ನನ್ನ ಮಗಳು, ನನ್ನ ಸುಳ್ಳನ್ನು ಆರು ವರ್ಷ ಜೋಪಾನ ಮಾಡಿದವಳು. ಅಪ್ಪಾ, ಒಳಗ ಬಾ, ಇವತ್ತ ಯಾರೂ ಏನೂ ಅನ್ನಂಗಿಲ್ಲ, ಅಜ್ಜಿ ಮಗ ಅದಿ, ನಿನಗ ಗೊತ್ತಿರಬೇಕು. ಬೀಗರು ಬೆನ್ನು ತಟ್ಟಿದರು, ಹೋಗ್ರಿ ಮಾಸ್ತರ. ಹೊಸ್ತಿಲು ದಾಟಿದೆ, ಹೆಂಗಸರು ಜರುಗಿ ದಾರಿ ಬಿಟ್ಟರು, ಇಷ್ಟು ಕಣ್ಣುಗಳ ಮುಂದೆ ಪಾಠ ಹೇಳಿ ಅಭ್ಯಾಸ ನನಗೆ, ಈಗ ಹೇಳಿಬಿಡಲೇ, ಸರ್ಕಾರ ಅಲ್ಲವ್ವ, ನಾನು ಅಂತ, ಬಾಯಿ ತೆರೆದೆ. ಚನ್ನವೀರಮ್ಮ, ಅಂದೆ, ಅಷ್ಟೇ ಬಂತು. ಎಲ್ಲರೂ ಹಿಗ್ಗಿದರು, ಚನ್ನವೀರಮ್ಮ ಅಂತ ಹಾಡಿ ಕೂಸನ್ನು ಕೆಳಗಿಂದ ದಾಟಿಸಿದರು, ಮೇಲಿಂದ ಇಸಿದುಕೊಂಡರು. ಆಕಿಗಿಂತ ಮೊದಲಿನಾಕಿ ಯಾರಪ್ಪಾ? ಗಂಗೋತ್ರಿ ಕಾಯುತ್ತಿದ್ದಾಳೆ, ನನ್ನ ಅಜ್ಜಿಯನ್ನು ನಾನು ಕಂಡಿಲ್ಲ, ಅಪ್ಪ ಅವಳ ಹೆಸರು ಎತ್ತಿದ್ದು ಕೇಳಿಲ್ಲ, ತಲೆ ತಗ್ಗಿಸಿದೆ. ಇರ್ಲಿ ಬಿಡ್ರಿ, ಬೀಗಿತ್ತಿ ಮೆಲ್ಲಗೆ ಅಂದಳು, ಸುತ್ತು ನಿಲ್ಲಬಾರದು, ಸುಮ್ನ ದಾಟಿಸ್ರಿ. ಎರಡನೆಯ ಸುತ್ತು, ಕೂಸು ಕೆಳಗಿಂದ ಹೋಯಿತು, ಮೇಲಿಂದ ಬಂತು, ಬಳೆಯ ಸದ್ದು ಬಿಟ್ಟರೆ ಏನಿಲ್ಲ. ಮೂರನೆಯದು, ಕೂಸು ಕೆಳಗೆ, ಕೂಸು ಮೇಲೆ, ಎಲ್ಲರ ಬಾಯಿ ಮುಚ್ಚಿದೆ, ನನ್ನದೂ. ನಾಲ್ಕು, ಕೂಸು ಕೆಳಗೆ, ಕೂಸು ಮೇಲೆ. ಐದು, ಕೂಸು ಕೆಳಗೆ —